ಸಾಸಿವೆ ಗಾತ್ರದ ಮಾಪಕಗಳು

ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರಿನಲ್ಲಿ ಪೈಲಟ್‌ನ ಎದುರಿಗಿದ್ದ ಮುಖ್ಯ ಮಾಪಕಗಳ ವ್ಯಾಸ ಸುಮಾರು 80 ಮಿಲಿಮೀಟರ್. ಅದೇ ವಿಮಾನವನ್ನು 1:48 ಪ್ರಮಾಣಕ್ಕೆ, ಅಂದರೆ ಮೂಲದ ನಲವತ್ತೆಂಟನೆಯ ಒಂದು ಪಾಲಿಗೆ, ಇಳಿಸಿದಾಗ ಮಾಪಕ 1.7 ಮಿಲಿಮೀಟರಿಗೂ 1:72ರಲ್ಲಿ 1.1 ಮಿಲಿಮೀಟರಿಗೂ ಕುಗ್ಗಿ ಸಾಸಿವೆ ಕಾಳಿನ ಗಾತ್ರವಾಗುತ್ತದೆ. ಆ ಕಾಳಿನೊಳಗೆ ಅಂಕೆಗಳಿರಬೇಕು, ಮುಳ್ಳಿರಬೇಕು, ಸುತ್ತಲೂ ಉಬ್ಬಿದ ಅಂಚಿರಬೇಕು, ಮೇಲೆ ಗಾಜಿನ ಹೊಳಪಿರಬೇಕು. ಮಾದರಿ ವಿಮಾನದ ಕಿಟ್ ತಯಾರಿಸಿದವರಲ್ಲದೆ ಬೇರೊಬ್ಬರು ಪ್ರತ್ಯೇಕವಾಗಿ ಮಾಡಿ ಮಾರುವ ಮಾಪಕ ಫಲಕಗಳು, ಹವ್ಯಾಸಿಗಳ ಬಾಯಲ್ಲಿ ‘ಆಫ್ಟರ್‌ಮಾರ್ಕೆಟ್ ಪ್ಯಾನೆಲ್’ಗಳು, ಹುಟ್ಟಿಕೊಂಡದ್ದು ಈ ಇಕ್ಕಟ್ಟಿನಿಂದಲೇ. ಫಲಕವೆಂಬುದು ಉಬ್ಬುಶಿಲ್ಪವೋ ಚಿತ್ರವೋ ಎಂಬ ಒಂದು ಪ್ರಶ್ನೆಯ ಸುತ್ತಲೇ ಅವುಗಳ ಚರಿತ್ರೆ ಸುತ್ತಿಕೊಂಡಿದೆ.

ಆರಂಭದ ಕಿಟ್‌ಗಳಲ್ಲಿ ಈ ಪ್ರಶ್ನೆ ಏಳುವುದಕ್ಕೆ ಜಾಗವೇ ಇರಲಿಲ್ಲ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಸಂಸ್ಥೆ ‘ಪೆಂಗ್ವಿನ್’ ಹೆಸರಿನಲ್ಲಿ 1:72 ಪ್ರಮಾಣದ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಿತು. 1953ರಲ್ಲಿ ಏರ್‌ಫಿಕ್ಸ್ ತನ್ನ ಸ್ಪಿಟ್‌ಫೈರನ್ನು ಮಾರುಕಟ್ಟೆಗಿಳಿಸಿತು. ಆ ತಲೆಮಾರಿನ ಕಿಟ್‌ಗಳ ಕಾಕ್‌ಪಿಟ್ಟಿನಲ್ಲಿ ಒಂದು ಆಸನ, ಅದರ ಮೇಲೆ ಪೈಲಟ್‌ನ ಒಂದು ಬೊಂಬೆ ಇದ್ದರೆ ಅದೇ ಹೆಚ್ಚು. ದಪ್ಪ ಪಾರದರ್ಶಕ ಮುಚ್ಚಳದ ಮೂಲಕ ಒಳಗಿನದು ಹೇಗೂ ಮಸುಕಾಗಿಯೇ ಕಾಣುತ್ತಿತ್ತು. 1960ರ ದಶಕದ ಕೊನೆಯಲ್ಲಿ 1:32ರ ಕಿಟ್‌ಗಳು, 1970ರಲ್ಲಿ ಏರ್‌ಫಿಕ್ಸಿನ 1:24ರ ಸ್ಪಿಟ್‌ಫೈರ್ ಬಂದ ಮೇಲೆ ಮುಚ್ಚಳವನ್ನು ತೆರೆದಿಟ್ಟು ಒಳಗನ್ನು ತೋರಿಸುವ ಆಸೆ ಬೆಳೆಯಿತು, ಆಸೆಯ ಹಿಂದೆಯೇ ಅತೃಪ್ತಿಯೂ ಬಂದಿತು.

ಕಿಟ್ ತಯಾರಕರ ಮುಂದೆ ಆಗ ಇದ್ದದ್ದು ಎರಡೇ ದಾರಿ. ಮೊದಲನೆಯದು, ಮಾಪಕಗಳ ಉಬ್ಬನ್ನು ಉಕ್ಕಿನ ಅಚ್ಚಿನಲ್ಲಿಯೇ ಕೊರೆದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ಯುವುದು. ಅಂಥ ಫಲಕಕ್ಕೆ ಕಪ್ಪು ಬಳಿದು, ಬಣ್ಣವನ್ನು ಬಹುಪಾಲು ಒರೆಸಿ ತೆಗೆದ ಒಣ ಕುಂಚವನ್ನು ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿದರೆ ಅಂಚುಗಳಷ್ಟೇ ಬೆಳ್ಳಗೆ ಎದ್ದು ಕಾಣುತ್ತವೆ. ಎರಡನೆಯದು, ಸಪಾಟಾದ ಫಲಕದ ಮೇಲೆ ಡಿಕಾಲ್ ಅಂಟಿಸುವುದು. ಡಿಕಾಲ್ ಎಂದರೆ ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿಬರುವ ತೆಳು ಪೊರೆಯ ಮೇಲಿನ ಮುದ್ರಿತ ಚಿತ್ರ. ಉಬ್ಬಿನಲ್ಲಿ ಅಂಕೆಗಳು ಮೂಡುತ್ತಿರಲಿಲ್ಲ, ಚಿತ್ರದಲ್ಲಿ ಆಳ ಇರುತ್ತಿರಲಿಲ್ಲ. ಕೆಲವು ಸಣ್ಣ ತಯಾರಕರು ಮಾಪಕದ ಮುಖಗಳನ್ನು ಮಾತ್ರ ಬಿಡಿಬಿಡಿಯಾಗಿ ಮುದ್ರಿಸಿ ಕೊಟ್ಟಾಗ, ಅವುಗಳನ್ನು ಒಂದೊಂದಾಗಿ ಕತ್ತರಿಸಿ ಉಬ್ಬಿದ ಅಂಚುಗಳ ನಡುವೆ ಕೂರಿಸುವವರು ಸಿಕ್ಕರು. ತಾಳ್ಮೆಯಿದ್ದವರಿಗೆ ಇಂದಿಗೂ ಅದಕ್ಕಿಂತ ಸೊಗಸಾದ ಫಲಿತಾಂಶ ಕೊಡುವ ವಿಧಾನ ಅಪರೂಪ.

ಎರಡನ್ನೂ ಬೆಸೆದದ್ದು ಬೆಳಕು ಮತ್ತು ಆಮ್ಲೀಯ ದ್ರಾವಣದಿಂದ ಲೋಹವನ್ನು ಕೊರೆಯುವ ವಿದ್ಯೆ. ತೆಳುವಾದ ಹಿತ್ತಾಳೆ ತಗಡಿಗೆ ಬೆಳಕಿಗೆ ಪ್ರತಿಕ್ರಿಯಿಸುವ ಲೇಪನ ಬಳಿದು, ನಕ್ಷೆಯಿರುವ ಫಿಲ್ಮನ್ನು ಮೇಲಿಟ್ಟು ನೇರಳಾತೀತ ಬೆಳಕು ಹಾಯಿಸಿ, ಲೇಪನ ಕಳಚಿದ ಕಡೆಯಲ್ಲಿ ಫೆರಿಕ್ ಕ್ಲೋರೈಡಿನಂಥ ದ್ರಾವಣ ಲೋಹವನ್ನು ತಿನ್ನಲು ಬಿಡುತ್ತಾರೆ. ತಗಡಿನ ಎರಡೂ ಮಗ್ಗುಲಿನಿಂದ ಕೊರೆದರೆ ರಂಧ್ರ, ಒಂದೇ ಮಗ್ಗುಲಿನಿಂದ ಅರ್ಧ ಕೊರೆದರೆ ತಗ್ಗು. ಮುದ್ರಿತ ವಿದ್ಯುತ್ ಫಲಕಗಳ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಈ ಕ್ರಮ ಮಾದರಿ ವಿಮಾನಗಳಿಗೆ ಬಂದು, ಮಾಪಕಗಳಿರುವೆಡೆ ದುಂಡು ರಂಧ್ರಗಳಿರುವ ಹಿತ್ತಾಳೆ ಫಲಕವಾಯಿತು. ಅದರ ಹಿಂದೆ ಡಯಲುಗಳ ಚಿತ್ರ ಮುದ್ರಿಸಿದ ಪಾರದರ್ಶಕ ಫಿಲ್ಮು, ಅದರ ಬೆನ್ನಿಗೆ ಬಿಳಿ ಬಣ್ಣ: ಹೀಗೆ ಪದರದ ಮೇಲೆ ಪದರ ಕೂಡಿಸಿದಾಗ ರಂಧ್ರದೊಳಗಿಂದ ಇಣುಕುವ ಡಯಲ್ ನಿಜವಾದ ಫಲಕದಲ್ಲಿರುವಂತೆಯೇ ಒಳಕ್ಕೆ ಕುಳಿತಂತೆ ಕಾಣುತ್ತದೆ. 1989ರಲ್ಲಿ ಚೆಕ್ ನಾಡಿನ ಮೋಸ್ಟ್ ಪಟ್ಟಣದಲ್ಲಿ ಆರಂಭವಾದ ಎಡುವರ್ಡ್ ಸಂಸ್ಥೆ ಈ ಕಲೆಯನ್ನು ಜಗತ್ತಿನಾದ್ಯಂತ ಮನೆಮಾತಾಗಿಸಿತು. ಮುಂದೆ ಅದು ಹಿತ್ತಾಳೆಯ ಮೇಲೆಯೇ ಬಣ್ಣಗಳನ್ನು ಮುದ್ರಿಸಿದ ಫಲಕಗಳನ್ನು ತಂದಾಗ ಕುಂಚ ಹಿಡಿಯಲಾರದವರಿಗೂ ಓದಬಹುದಾದ ಅಂಕೆಗಳು ಸಿಕ್ಕವು.

ಈ ಅನುಕೂಲಕ್ಕೆ ಬೆಲೆಯೂ ಇತ್ತು. ಬಣ್ಣದ ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿಗಳ ಜಾಲ ಕಾಣುತ್ತಿತ್ತು. ಕಾರ್ಖಾನೆ ಮುದ್ರಿಸಿದ ಬೂದು ಅಥವಾ ಹಸಿರು, ಹವ್ಯಾಸಿಯು ಕಾಕ್‌ಪಿಟ್ಟಿನ ಉಳಿದ ಗೋಡೆಗಳಿಗೆ ಬಳಿದ ಬಣ್ಣಕ್ಕೆ ಹೊಂದದೆ, ಫಲಕ ಬೇರೊಂದು ವಿಮಾನದಿಂದ ಕಿತ್ತು ತಂದಂತೆ ಕಾಣುವುದೂ ಉಂಟು. ಅದಕ್ಕಿಂತ ಮುಖ್ಯವಾಗಿ, ಗುಂಡಿಗಳು ಮತ್ತು ಸ್ವಿಚ್ಚುಗಳು ತಗಡಿನಷ್ಟೇ ಚಪ್ಪಟೆಯಾಗಿ ಉಳಿದವು. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಪಾಲಿಯುರಥೇನ್ ರೆಸಿನ್ ಎರೆದು ಮಾಡಿದ ಫಲಕಗಳು ಆ ಕೊರತೆ ತುಂಬಿದರೂ ಬಣ್ಣದ ಹೊಣೆಯನ್ನು ಮತ್ತೆ ಕುಂಚಕ್ಕೇ ಒಪ್ಪಿಸಿದವು. ರೆಸಿನ್ನಿನ ಇನ್ನೊಂದು ಪೇಚು ಲೆಕ್ಕದ್ದು: ನಿಜವಾದ ವಿಮಾನದ ಅಲ್ಯೂಮಿನಿಯಂ ಹೊದಿಕೆ ಒಂದೆರಡು ಮಿಲಿಮೀಟರ್ ದಪ್ಪವಿದ್ದರೆ, ಕಿಟ್ಟಿನ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ 1:48ರ ಲೆಕ್ಕದಲ್ಲಿ 48 ಮಿಲಿಮೀಟರಿಗೆ ಸಮ. ಆದಕಾರಣ ಅಳತೆಗೆ ಕಟ್ಟುನಿಟ್ಟಾಗಿ ಸರಿಯಾದ ಫಲಕ ಒಳಗೆ ಹಿಡಿಸುವುದೇ ಇಲ್ಲ. ಒಂದೋ ಗೋಡೆಯನ್ನು ಉಜ್ಜಿ ತೆಳುವಾಗಿಸಬೇಕು, ಇಲ್ಲವೇ ತಯಾರಕನೇ ಫಲಕವನ್ನು ತುಸು ಕಿರಿದಾಗಿಸಿರಬೇಕು. ಯಾವ ಕಿಟ್ಟಿಗೆಂದು ಫಲಕ ಮಾಡಲ್ಪಟ್ಟಿದೆ ಎಂಬ ಲಕೋಟೆಯ ಮೇಲಿನ ಸಾಲು ವಿಮಾನದ ಹೆಸರಿನಷ್ಟೇ ಮುಖ್ಯವಾಗುವುದು ಇದರಿಂದ.

ಶಿಲ್ಪ ಮತ್ತು ಚಿತ್ರ ಕೊನೆಗೂ ಒಂದಾದದ್ದು ಮೂರು ಆಯಾಮದ ಡಿಕಾಲ್‌ಗಳಲ್ಲಿ. ಬೆಳಕು ಬಿದ್ದೊಡನೆ ಗಟ್ಟಿಯಾಗುವ ಶಾಯಿಯನ್ನು ಪದರಪದರವಾಗಿ ಮುದ್ರಿಸಿ, ಗುಂಡಿಯನ್ನು ಉಬ್ಬಿಸಿ, ಡಯಲಿನ ಮೇಲೆ ಪಾರದರ್ಶಕ ಹನಿಯೊಂದನ್ನು ಗಾಜಿನಂತೆ ನಿಲ್ಲಿಸುವ ಈ ಕ್ರಮವನ್ನು ರಷ್ಯದ ಕ್ವಿಂಟಾ ಸ್ಟುಡಿಯೋ ಜನಪ್ರಿಯಗೊಳಿಸಿತು, ಎಡುವರ್ಡ್ ಕೂಡ ‘ಸ್ಪೇಸ್’ ಹೆಸರಿನಲ್ಲಿ ಅದೇ ದಾರಿ ಹಿಡಿಯಿತು. ಇಲ್ಲಿ ಹವ್ಯಾಸಿಗೆ ಉಳಿಯುವ ಕೆಲಸ ಕಿಟ್ಟಿನ ಫಲಕದ ಮೇಲಿನ ಉಬ್ಬುಗಳನ್ನು ಉಜ್ಜಿ ಸಪಾಟು ಮಾಡಿ, ನೆನೆಸಿದ ಡಿಕಾಲನ್ನು ಬಿಳಿ ಅಂಟಿನಿಂದ ಕೂರಿಸುವುದಷ್ಟೇ. ಹಿತ್ತಾಳೆಗೆ ಬಳಸುವ ಸೂಪರ್ ಗ್ಲೂ ಇಲ್ಲಿ ಬೇಡ, ಅದರ ಆವಿ ಪಾರದರ್ಶಕ ಭಾಗಗಳನ್ನು ಬೆಳ್ಳಗಾಗಿಸುತ್ತದೆ.

ಕೈಕೆಲಸ ಇಷ್ಟು ಕಡಿಮೆಯಾದ ಮೇಲೆ ನಿಜವಾದ ಕಷ್ಟ ಆಯ್ಕೆಯ ಕಡೆಗೆ ಸರಿದಿದೆ. ಮುಚ್ಚಳ ಮುಚ್ಚಿಡುವ 1:72ರ ಮಾದರಿಗೆ ಕಿಟ್ಟಿನ ಡಿಕಾಲೇ ಸಾಕು, ಅಲ್ಲಿ ದುಬಾರಿ ಫಲಕ ಹಾಕುವುದು ಕತ್ತಲೆಯಲ್ಲಿ ರಂಗೋಲಿ ಇಟ್ಟಂತೆ. ತೆರೆದ ಕಾಕ್‌ಪಿಟ್ಟಿನಲ್ಲಿ ಮಾತ್ರ ವಿಮಾನದ ವರ್ಷ ಮತ್ತು ಅವತರಣಿಕೆಯನ್ನು ಕೇಳಲೇಬೇಕಾಗುತ್ತದೆ. ಜರ್ಮನ್ ಯುದ್ಧವಿಮಾನಗಳ ಕಾಕ್‌ಪಿಟ್ 1941ರ ಸುಮಾರಿಗೆ ಹಸಿರುಬೂದಿಯಿಂದ ಕಪ್ಪುಬೂದು ಬಣ್ಣಕ್ಕೆ ತಿರುಗಿತು. ಅವುಗಳ ಮಾಪಕಗಳಿಗೆ ಇಂಧನಕ್ಕೆ ಹಳದಿ, ಎಣ್ಣೆಗೆ ಕಂದು, ಆಮ್ಲಜನಕಕ್ಕೆ ನೀಲಿ ಎಂಬ ಗುರುತುಗಳೂ ಇದ್ದವು. ಈ ಗುರುತು ತಪ್ಪಿದ ಫಲಕ ಎಷ್ಟೇ ನಯವಾಗಿ ಮುದ್ರಿತವಾಗಿದ್ದರೂ ಬಲ್ಲವರ ಕಣ್ಣಿಗೆ ಕಸ.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆ ಮಿಗ್-21. 1963ರಲ್ಲಿ ವಾಯುಪಡೆಗೆ ಬಂದು 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾದ ಈ ವಿಮಾನದ ಟೈಪ್ 77, ಟೈಪ್ 96, ಬಿಸ್ ಅವತರಣಿಕೆಗಳನ್ನು ಹಿಂದೂಸ್ತಾನ್ ಏರೋನಾಟಿಕ್ಸ್ ನಾಸಿಕ್‌ನಲ್ಲಿ ತಯಾರಿಸಿತು. ಬಿಸ್ ವಿಮಾನಗಳಲ್ಲಿ ಹಲವನ್ನು ಮುಂದೆ ಬೈಸನ್ ಆಗಿ ಮಾರ್ಪಡಿಸಿದಾಗ ಹಳೆಯ ಮುಳ್ಳಿನ ಡಯಲುಗಳ ನಡುವೆ ಬಹೂಪಯೋಗಿ ಪರದೆಯೊಂದು ಬಂದು ಕುಳಿತಿತು. ಮಾರುಕಟ್ಟೆಯಲ್ಲಿ ಸಿಗುವ, ಹಳೆಯ ಅವತರಣಿಕೆಯಾದ ಮಿಗ್-21 ಎಂಎಫ್‌ನ ಫಲಕವನ್ನು ತಂದು ಬೈಸನ್ನಿನ ಬಣ್ಣ ಬಳಿದ ಮಾದರಿಯೊಳಗೆ ಇಟ್ಟರೆ ಹೊರಗಿನ ವಿಮಾನ ಒಂದು ಕಾಲದ್ದು, ಒಳಗಿನ ವಿಮಾನ ಇನ್ನೊಂದು ಕಾಲದ್ದು. ಸೋವಿಯತ್ ಮೂಲದ ಆ ಫಲಕಗಳ ನಡುವೆ ಮೇಲಿನಿಂದ ಕೆಳಗೆ ಎಳೆದ ಬಿಳಿ ಗೆರೆಯೊಂದಿರುತ್ತದೆ. ವಿಮಾನ ಗಿರಕಿ ಹೊಡೆಯತೊಡಗಿದಾಗ ನಿಯಂತ್ರಣ ದಂಡವನ್ನು ಆ ಗೆರೆಯ ನೇರಕ್ಕೆ ತಂದು ಮುಂದಕ್ಕೆ ತಳ್ಳಬೇಕೆಂದು ಪೈಲಟ್‌ಗೆ ತೋರಿಸುವ ಗುರುತು ಅದು. 1:48ರಲ್ಲಿ ಅದು ಕೂದಲೆಳೆಯಷ್ಟೇ ಉಳಿಯುವುದರಿಂದ, ಸೋವಿಯತ್ ಕಾಕ್‌ಪಿಟ್ಟಿನ ಹಸಿರುನೀಲಿ ಬಣ್ಣವನ್ನು ಪರೀಕ್ಷಿಸುವ ಮೊದಲು ಬಲ್ಲ ಹವ್ಯಾಸಿಯ ಕಣ್ಣು ಲಕೋಟೆಯೊಳಗೆ ಹುಡುಕುವುದು ಆ ಗೆರೆಯನ್ನು.