ಕೆರೆಯ ಪಾಚಿ: ಮೀನಿಗೂ ಹಕ್ಕಿಗೂ ಕೇಡಾಗದ ದಾರಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಶಿಂಷಾ ನದಿಯಿಂದ, ಸುತ್ತಲಿನ ಕೆರೆಗಳಿಂದ. ಕೆರೆ ಕೆಟ್ಟರೆ ಮೀನು ಸಾಕಿದವರಿಗಷ್ಟೇ ಅಲ್ಲ, ಆ ಮರಿಗಳಿಗೂ ಹಸಿವು. ಬೇಸಿಗೆಯಲ್ಲಿ ನೀರು ತಗ್ಗಿ ಮಂಡ್ಯ, ಮದ್ದೂರು, ಮಳವಳ್ಳಿಯ ಕೆರೆಕಟ್ಟೆ, ಕೃಷಿ ಹೊಂಡಗಳಲ್ಲಿ ಪಾಚಿ ಹಬ್ಬಿದಾಗ ಅದನ್ನು ಹೇಗೆ ಹತೋಟಿಗೆ ತರುತ್ತೇವೆ ಎಂಬುದು ಇದಕ್ಕೇ ಮುಖ್ಯ.

ಪಾಚಿಯೆಲ್ಲ ಶತ್ರುವಲ್ಲ. ನೀರಿಗೆ ತಿಳಿಹಸಿರು ಕೊಡುವ ಸೂಕ್ಷ್ಮ ಪಾಚಿಯೇ ಮೀನಿನ ಆಹಾರದ ಬುನಾದಿ. ಹಗಲು ಅದು ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಪಾಚಿ ವಿಪರೀತವಾದರೆ ಬೆಳಗಿನ ಜಾವಕ್ಕೆ ಆಮ್ಲಜನಕ ಬರಿದು. ಗೆಂಡೆ ಮೀನುಗಳಿಗೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಇದ್ದರೆ ಹಿತ. 3ಕ್ಕಿಂತ ಇಳಿದರೆ ಮೇಲೆ ಬಂದು ಬಾಯಿ ಬಿಡುತ್ತವೆ.

ಆಗ ಹಲವರಿಗೆ ನೆನಪಾಗುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅದು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವೂ ಮುಗಿದು ಮೀನುಗಳು ಸಾಯುತ್ತವೆ. ಗಡಸಿಲ್ಲದ ನೀರಿನಲ್ಲಿ ತಾಮ್ರವೇ ಮೀನಿಗೆ ವಿಷ. ಅದು ನಾಶವಾಗುವುದೂ ಇಲ್ಲ, ತಳದ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಾಚಿಯ ಆಹಾರ ಮಾತ್ರ ನೀರಿನಲ್ಲೇ ಇರುವುದರಿಂದ ಪಾಚಿ ಮರಳಿ ಬರುತ್ತದೆ.

ಆ ಆಹಾರದಲ್ಲಿ ಮುಖ್ಯವಾದುದು ರಂಜಕ. 1973ರಲ್ಲಿ ಕೆನಡಾದಲ್ಲಿ ವಿಜ್ಞಾನಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಸಾರಜನಕ ಮತ್ತು ಇಂಗಾಲ ಹಾಕಿದರು. ರಂಜಕವನ್ನು ಒಂದೇ ಬದಿಗೆ ಸೇರಿಸಿದರು. ಆ ಬದಿ ಮಾತ್ರ ದಟ್ಟ ಹಸಿರಾಯಿತು. ನಮ್ಮಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕಬ್ಬು, ಭತ್ತದ ಗದ್ದೆಗಳಿಂದ ಬಸಿದು ಬರುವ ಗೊಬ್ಬರದ ನೀರು, ಊರಿನ ಚರಂಡಿ, ಸಗಣಿ ಎಲ್ಲವೂ ಕೆರೆಗೆ ರಂಜಕ ತರುತ್ತವೆ.

ಹಿಂದಿನವರು ಬೇಸಿಗೆಯಲ್ಲಿ ಕೆರೆಯ ಗೋಡು ಎತ್ತಿ ಹೊಲಕ್ಕೆ ಹಾಕುತ್ತಿದ್ದರು. ಕೊಕ್ಕರೆ ಬೆಳ್ಳೂರಿನವರು ಮರದಡಿಯ ಹಕ್ಕಿ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ನೀರಿಗೆ ಸೇರಿ ಪಾಚಿಯಾಗಬಹುದಾದ ಸಾರವನ್ನು ಬೆಳೆಗೆ ಮರಳಿಸುವ ಈ ಪದ್ಧತಿ ಪಾಚಿ ನಿಯಂತ್ರಣವೂ ಹೌದು.

ಈಗ ಮಾಡಬೇಕಾದದ್ದು ಇಷ್ಟು. ದಾರದಂಥ ಪಾಚಿಯನ್ನು ಹಲುಬೆಯಿಂದ ಸ್ವಲ್ಪ ಸ್ವಲ್ಪವಾಗಿ ಎಳೆದು, ಸಣ್ಣ ಜೀವಿಗಳು ನೀರಿಗೆ ಹಿಂದಿರುಗಲು ಒಂದು ದಿನ ದಡದಂಚಿನಲ್ಲಿ ಬಿಟ್ಟು, ತಿಪ್ಪೆಗೆ ಸೇರಿಸಿ. ನೀರು ಬರುವ ಬಾಯಲ್ಲಿ ಜೊಂಡು ಬೆಳೆಯಲಿ, ಅದು ರಂಜಕ ಹೀರುತ್ತದೆ. ಪಾಚಿ ದಟ್ಟವಿರುವಾಗ ಕೆರೆಗೆ ಗೊಬ್ಬರ, ಮೀನಿಗೆ ಹೆಚ್ಚು ಮೇವು ಬೇಡ. ತಳ ಕೆದಕುವ ಸಾಮಾನ್ಯ ಗೆಂಡೆಯನ್ನು ಮಿತವಾಗಿ ಬಿಡಿ. ಮುಂಜಾನೆ ಮೀನು ಬಾಯಿ ಬಿಟ್ಟರೆ ಪಂಪಿನಿಂದ ನೀರು ಚಿಮ್ಮಿಸಿ ಗಾಳಿ ಸೇರಿಸಿ. ಹಸಿರು ಬಣ್ಣ ಸುರಿದಂತೆ ಕೆನೆಗಟ್ಟಿದ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಅದರಲ್ಲಿ ಕೈಯಾಡಿಸಲೂ ಬೇಡಿ. ಕೆಲವು ನೀಲಿ-ಹಸಿರು ಪಾಚಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ.

ಇವೆಲ್ಲ ಒಂದು ದಿನದಲ್ಲಿ ಫಲ ಕೊಡುವುದಿಲ್ಲ. ಆದರೆ ಮುಂಗಾರಿಗೆ ಮುನ್ನ ಊರವರು ಕೂಡಿ ಗೋಡು ತೆಗೆದು, ಚರಂಡಿಯ ನೀರನ್ನು ಬೇರೆಡೆ ತಿರುಗಿಸಿದರೆ ಮುಂದಿನ ಬೇಸಿಗೆಯಲ್ಲಿ ಪಾಚಿಗೆ ಸಿಗುವ ಆಹಾರ ಕಡಿಮೆ, ಮೀನು ಬದುಕುವ ನೀರು ಹೆಚ್ಚು.