ಸಂತೆಗೆ ಹೊಡೆಯೋ ಮುಂಚೆ ಸ್ಯಾಂಪಲ್ ಕಳಿಸಿ

ನಾನು ಓದಿದ್ದು ತೋಟಗಾರಿಕೆ. ಬಾಳೆ ಎಲೆಯ ಚುಕ್ಕೆ ನೋಡಿ ರೋಗ ಯಾವುದು ಅಂತ ಹೇಳ್ತೀನಿ. ಕುರಿ ಬಾಯಿಯ ಹುಣ್ಣು ನೋಡಿಯೂ ಹೇಳೋಕೆ ಹೋಗಿ ಐದು ಕುರಿ ಕಳ್ಕೊಂಡೆ.

ನಮ್ಮ ತೋಟ ಮಳವಳ್ಳಿ ತಾಲ್ಲೂಕಲ್ಲಿ. ಬಂಡೂರು ಕುರಿಗೆ ಹೆಸರು ಕೊಟ್ಟ ಊರೂ ಇಲ್ಲೇ. ಗೊಬ್ಬರಕ್ಕೆಂದು 14 ಕುರಿ ಕಟ್ಟಿದ್ದೆ. ದೀಪಾವಳಿ ಕಳೆದ ಮೇಲೆ ಎರಡಕ್ಕೆ ಜ್ವರ, ಸಿಂಬಳ, ಬಾಯಿ ಹುಣ್ಣು. ಯಾವುದೋ ವಿಡಿಯೊ ನೋಡಿ ‘ಕಾಲುಬಾಯಿ ರೋಗ’ ಅಂದ್ಕೊಂಡು ಅಂಗಡಿಯಿಂದ ಆಂಟಿಬಯೋಟಿಕ್ ತಂದು ಚುಚ್ಚಿದೆ. ಮೂರನೇ ದಿನ ಭೇದಿ ಶುರುವಾಗಿ ಎರಡೂ ಸತ್ತವು.

“ಉಳಿದವುನ್ನ ನಾಳೆ ಸಂತೆಗೆ ಹೊಡ್ದ್‌ಬುಡ್ಲಾ ಮಗಾ, ಸತ್ರೆ ದುಡ್ಡು ಯಾರ್ ಕೊಟ್ಟಾರು?” ಅಂದ್ರು ಚಿಕ್ಕಪ್ಪ. ಸುಳ್ಳು ಯಾಕೆ, ನನಗೂ ಆಸೆ ಆಯ್ತು. ಆದರೂ ಮನಸ್ಸು ತಡೆಯದೆ ಪಶುವೈದ್ಯರಿಗೆ ಫೋನ್ ಮಾಡಿದೆ.

ಅವರು ಬಂದು ಹೇಳಿದ್ದು ಇಷ್ಟು: ಇದು ಪಿಪಿಆರ್ ಇರಬಹುದು, ನೀಲಿ ನಾಲಿಗೆ ರೋಗವೂ ಇರಬಹುದು. ಎರಡರಲ್ಲೂ ಜ್ವರ, ಸಿಂಬಳ, ಬಾಯಿ ಹುಣ್ಣು ಬರುತ್ತೆ. ಆದರೆ ನೀಲಿ ನಾಲಿಗೆ ಹರಡೋದು ಕಚ್ಚುವ ಸಣ್ಣ ನೊಣದಿಂದ, ಪಿಪಿಆರ್ ಹರಡೋದು ಕುರಿಯಿಂದ ಕುರಿಗೆ. ಒಂದಕ್ಕೆ ನೊಣ ತಡೀಬೇಕು, ಇನ್ನೊಂದಕ್ಕೆ ಮಂದೆ ಬೇರೆ ಮಾಡಿ ಸುತ್ತಲಿನ ಕುರಿಗಳಿಗೆ ಲಸಿಕೆ ಹಾಕಬೇಕು. ವೈರಸ್ಸಿಗೆ ಆಂಟಿಬಯೋಟಿಕ್ ನಾಟೋದಿಲ್ಲ. ವೈದ್ಯರು ಕೊಡೋದು ಜೊತೆಗೆ ಬರುವ ನ್ಯುಮೋನಿಯಾಕ್ಕೆ.

ಮೂಗು, ಕಣ್ಣಿನ ದ್ರವವನ್ನು ಹತ್ತಿಕಡ್ಡಿಯಲ್ಲಿ, ರಕ್ತವನ್ನು ಸೀಸೆಯಲ್ಲಿ ತಗೊಂಡು ಐಸ್ ಡಬ್ಬದಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸಿದ್ರು. ಪಿಸಿಆರ್ ಪರೀಕ್ಷೆ ವೈರಸ್ಸಿನ ವಂಶವಾಹಿಯನ್ನೇ ಹುಡುಕುತ್ತೆ. ವರದಿ ಬಂತು: ಪಿಪಿಆರ್.

ಈ ವೈರಸ್ ಹೊಕ್ಕ ಮೇಲೆ ಸಾಮಾನ್ಯವಾಗಿ 4ರಿಂದ 6 ದಿನ ಕುರಿ ಆರೋಗ್ಯವಾಗೇ ಕಾಣುತ್ತೆ. ನಾನು ಮಾರಿದ್ದಿದ್ರೆ ಮದ್ದೂರು, ಮಂಡ್ಯದ ಎಷ್ಟು ಕೊಟ್ಟಿಗೆಗೆ ರೋಗ ಹೋಗ್ತಿತ್ತೋ! ಮತ್ತೆ ಮೂರು ಸತ್ತವು, ಒಂಬತ್ತು ಉಳಿದವು. ಅಕ್ಕಪಕ್ಕದ ಮಂದೆಗಳಿಗೂ, ಚಿಕ್ಕಪ್ಪನ ಕುರಿಗಳಿಗೂ ಲಸಿಕೆ ಆಯ್ತು.

ಕೋಳಿಗೂ ಇದೇ ಮಾತು. ಕೊಕ್ಕರೆ ರೋಗವೋ ಹಕ್ಕಿ ಜ್ವರವೋ ಕಣ್ಣಳತೆಯಲ್ಲಿ ಗೊತ್ತಾಗಲ್ಲ. 2020ರ ಮಾರ್ಚ್‌ನಲ್ಲಿ ಪಕ್ಕದ ಮೈಸೂರಿನ ಹಕ್ಕಿ ಜ್ವರ ಖಚಿತವಾಗಿದ್ದು ಭೋಪಾಲದ ಪ್ರಯೋಗಾಲಯದಲ್ಲಿ.

ನೀವು ಮಾಡಬೇಕಾದ್ದು:

• ಜ್ವರ, ಹುಣ್ಣು ಕಂಡ ದಿನವೇ 1962ಕ್ಕೆ ಅಥವಾ ನಿಮ್ಮ ಪಶು ಆಸ್ಪತ್ರೆಗೆ ಫೋನ್ ಮಾಡಿ. ಬಾಯಿ, ಮೂಗು, ಸಗಣಿಯ ಫೋಟೊ ತೆಗೆದಿಡಿ.
• ಸ್ಯಾಂಪಲ್ ತೆಗೆಯೋಕೆ ಮುಂಚೆ ನೀವೇ ಔಷಧಿ ಚುಚ್ಚಬೇಡಿ. ಬ್ಯಾಕ್ಟೀರಿಯಾ ರೋಗವಾದ್ರೆ ಆಂಟಿಬಯೋಟಿಕ್‌ನಿಂದ ಪರೀಕ್ಷೆ ಕೆಡುತ್ತೆ.
• ದಿಢೀರ್ ಸತ್ತು ಮೂಗು, ಗುದದಲ್ಲಿ ರಕ್ತ ಬಂದಿದ್ರೆ ಕೊಯ್ಯಲೇಬೇಡಿ. ನೆರಡಿ ರೋಗವಾಗಿದ್ರೆ ಅದರ ಬೀಜಾಣು ಮಣ್ಣಲ್ಲಿ ದಶಕಗಟ್ಟಲೆ ಬದುಕುತ್ತೆ, ಮನುಷ್ಯರಿಗೂ ತಗಲುತ್ತೆ.
• ವರದಿ ಬರೋತನಕ ಮಾರಾಟ ಬೇಡ, ಹೊಸ ಕುರಿ ತರೋದೂ ಬೇಡ.
• ಮರಿಗೆ ನಾಲ್ಕು ತಿಂಗಳಾದಾಗ ಪಿಪಿಆರ್ ಲಸಿಕೆ ಹಾಕಿಸಿ. ಸುಮಾರು ಮೂರು ವರ್ಷ ರಕ್ಷಣೆ ಇರುತ್ತೆ.

ಪಿಪಿಆರ್‌ನ ಹತ್ತಿರದ ನೆಂಟ ದನಗಳ ದೊಡ್ಡರೋಗ. ಲಸಿಕೆ ಮತ್ತು ಪರೀಕ್ಷೆಯಿಂದಲೇ ಅದು ತೊಲಗಿತು, 2011ರಲ್ಲಿ ಜಗತ್ತು ಅದರಿಂದ ಮುಕ್ತ ಅಂತ ಘೋಷಣೆಯೂ ಆಯ್ತು. ಇದನ್ನೂ ಓಡಿಸಬಹುದು. ಮಣ್ಣು ಪರೀಕ್ಷೆ ಮಾಡಿಸ್ತೀವಲ್ಲ, ಕೊಟ್ಟಿಗೆಗೂ ಅದೇ ಅಭ್ಯಾಸ ಇರಲಿ.