ಮಣ್ಣು ಕಾಯುವ ಲಾವಂಚ
ಮಳೆಗಾಲದಲ್ಲಿ ಉಲ್ಹಾಸ ನದಿಯು ಕದಡಿ ಹರಿಯುವುದನ್ನು ನಮ್ಮ ವಾಚಕರು ಕಂಡೇ ಇದ್ದಾರೆ. ಆ ಕೆಸರು ಮೇಲಿನ ಬೆಟ್ಟ-ಹೊಲಗಳ ಫಲವತ್ತಾದ ಮಣ್ಣು. ನಾವು ಇಲ್ಲಿ ದುಡಿದು ಹಣ ಕಳುಹಿಸಿ ಉಳಿಸಿಕೊಂಡ ಊರಿನ ಭೂಮಿಯೂ ಹೀಗೆಯೇ ಕೊಚ್ಚಿಹೋಗಬಾರದಷ್ಟೆ.

ಗುಂಡ್ಲುಪೇಟೆಯ ಕಡೆಯ ರೈತರು ಹಿಂದಿನಿಂದಲೂ ಹೊಲದ ಎಲ್ಲೆಗೆ ಲಾವಂಚವನ್ನು ನೆಡುತ್ತ ಬಂದವರು. ಕುಡಿಯುವ ನೀರಿಗೆ ಪರಿಮಳಕ್ಕೆಂದು ನಾವು ಹಾಕುವ ಬೇರು ಈ ಹುಲ್ಲಿನದೇ. ಇಳಿಜಾರಿಗೆ ಅಡ್ಡಲಾಗಿ ಒತ್ತಾಗಿ ನೆಟ್ಟ ಸಾಲು ಹರಿಯುವ ನೀರಿನ ವೇಗವನ್ನು ತಗ್ಗಿಸುವುದು. ಮಣ್ಣು ಅಲ್ಲಿಯೇ ತಂಗುವುದು, ನೀರು ನೆಲಕ್ಕೆ ಇಂಗುವುದು. 3 ಮೀಟರಿನಷ್ಟು ಆಳಕ್ಕೂ ಇಳಿಯಬಲ್ಲ ಬೇರುಗಳು ಬದುವನ್ನು ಬಿಗಿಹಿಡಿಯುವುವು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಈ ಹುಲ್ಲಿನ ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿತು.

ಆದರೆ ಬೇರಿನ ಬೆಲೆಗೆ ಮರುಳಾಗಿ ಬದುವಿನ ಲಾವಂಚವನ್ನು ಅಗೆದರೆ ಮಣ್ಣೂ ಸಡಿಲಾಗುವುದು. ಮಳೆಯ ಆರಂಭಕ್ಕೆ ಊರಿಗೆ ತೆರಳುವ ಬಂಧುಗಳು ಒಂದು ಸಾಲನ್ನಾದರೂ ನೆಟ್ಟು ಬರಲೆಂದು ನಮ್ಮ ವಿನಂತಿ.